ಮಣ್ಣಿನ ಬಸ್ಸಾರು ಹೊಳೆ ಪಾಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ಮಳೆಗಾಲ ಬಾಗಿಲಿಗೆ ಬಂದಿದೆ, ಹಾಕಿದ ಗೊಬ್ಬರ ಎಲ್ಲಿ ಹೋಗುತ್ತದೆ ಅನ್ನೋ ಚಿಂತೆ ಎಲ್ಲರಿಗೂ. ನಾನು ಮೂವತ್ತೊಂದು ವರ್ಷ ಮಣ್ಣು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡಿದವಳು. ಈಗ ತೀರ್ಥಹಳ್ಳಿ ಹತ್ತಿರ ನಮ್ಮ ಎರಡು ಎಕರೆ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಲ್ಯಾಬಿನಲ್ಲಿ ಕಲಿತದ್ದು, ತೋಟದಲ್ಲಿ ಪೆಟ್ಟು ತಿಂದು ಕಲಿತದ್ದು, ಎರಡನ್ನೂ ಸೇರಿಸಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ನಾನು ಹೈಸ್ಕೂಲು ವಿಜ್ಞಾನ ಶಿಕ್ಷಕಿ. ‘ಲೀಚಿಂಗ್’ ಅನ್ನೋ ಪದವನ್ನು ಮಕ್ಕಳಿಗೆ ಕನ್ನಡದಲ್ಲಿ ಹೇಗೆ ಹೇಳಲಿ? ಮಳೆಗೆ ಮಣ್ಣು ಕೊಚ್ಚಿ ಹೋಗುವುದೂ ಇದೂ ಒಂದೇನಾ? — ಶಿಕ್ಷಕಿ, ಕೆ.ಆರ್. ಪೇಟೆ

ಒಂದೇ ಅಲ್ಲ ಮೇಡಂ. ಪದಕ್ಕಾಗಿ ದೂರ ಹೋಗುವುದೂ ಬೇಡ. ನಿಮ್ಮೂರಿನ ಅಡುಗೆಮನೆಯಲ್ಲೇ ಇದೆ: ಬಸಿಯುವುದು.

ನಾನು ಹುಟ್ಟಿದ್ದೂ ಮಂಡ್ಯದ ಕಡೆಯೇ. ನಮ್ಮಮ್ಮ ದಂಟಿನ ಸೊಪ್ಪು, ಅವರೆಕಾಳು ಬೇಯಿಸಿ, ನೀರು ಬಸಿದು, ಆ ನೀರಲ್ಲೇ ಬಸ್ಸಾರು ಮಾಡುತ್ತಿದ್ದರು. ಸೊಪ್ಪು ಎಲ್ಲಿಗೂ ಹೋಗಿಲ್ಲ, ಪಾತ್ರೆಯಲ್ಲೇ ಇದೆ. ಆದರೆ ಅದರ ಸಾರ ಬಸಿದ ನೀರಿಗೆ ಇಳಿದಿರುತ್ತದೆ. ಅದಕ್ಕೇ ಅಲ್ವಾ, ಬಸ್ಸಾರಿಗೆ ಅಷ್ಟು ರುಚಿ! ಮಣ್ಣಿನಲ್ಲಿ ಆಗುವುದೂ ಇದೇ. ಮಳೆ ನೀರು ಮೇಲಿಂದ ಇಳಿಯುವಾಗ ಮಣ್ಣಿನಲ್ಲಿ ಕರಗುವ ಅಂಶಗಳನ್ನೆಲ್ಲ ಕರಗಿಸಿಕೊಂಡು, ಬೇರು ಮುಟ್ಟದ ಆಳಕ್ಕೆ ಹೋಗುತ್ತದೆ. ಮಣ್ಣು ಇದ್ದಲ್ಲೇ ಇರುತ್ತದೆ, ಸಾರ ಇರುವುದಿಲ್ಲ. ಮನೆಯಲ್ಲಿ ಬಸಿದ ನೀರನ್ನು ನಾವು ಸಾರು ಮಾಡಿ ಉಣ್ಣುತ್ತೇವೆ. ಮಣ್ಣು ಬಸಿದ ನೀರು ಹಳ್ಳಕ್ಕೆ, ಹೊಳೆಗೆ, ಬಾವಿಗೆ ಹೋಗುತ್ತದೆ.

ಮಣ್ಣು ಕೊಚ್ಚಿ ಹೋಗುವುದು ಬೇರೆ. ಅದು ಪಾತ್ರೆಯಿಂದ ಸೊಪ್ಪನ್ನೇ ಚೆಲ್ಲಿದ ಹಾಗೆ. ಅದು ಕಣ್ಣಿಗೆ ಕಾಣುತ್ತದೆ, ಹಳ್ಳದ ನೀರು ಕೆಂಪಾಗುತ್ತದೆ. ಬಸಿದು ಹೋಗುವ ನೀರು ತಿಳಿಯಾಗಿರುತ್ತದೆ. ಹಾಗಾಗಿ ಅದರಲ್ಲಿ ನಮ್ಮ ದುಡ್ಡು ಹರಿದು ಹೋಗುತ್ತಿದೆ ಅಂತ ಯಾರಿಗೂ ಅನಿಸುವುದಿಲ್ಲ.

ಮಕ್ಕಳಿಗೆ ಒಂದು ಪ್ರಯೋಗ ಮಾಡಿ ತೋರಿಸಿ. ಲ್ಯಾಬಿಗೆ ಶಾಲೆ ಮಕ್ಕಳು ಬಂದಾಗಲೆಲ್ಲ ನಾನು ಇದನ್ನೇ ಮಾಡುತ್ತಿದ್ದೆ. ಎರಡು ಪ್ಲಾಸ್ಟಿಕ್ ಬಾಟಲಿಗಳ ತಳ ಕತ್ತರಿಸಿ, ತಲೆಕೆಳಗು ಮಾಡಿ, ಬಾಯಿಗೆ ಹತ್ತಿ ತುರುಕಿ. ಎರಡಕ್ಕೂ ಗದ್ದೆಯ ಜೇಡಿ ಮಣ್ಣಿಗೆ ಸ್ವಲ್ಪ ಮರಳು ಬೆರೆಸಿ ತುಂಬಿ. ಮರಳು ಇಲ್ಲದಿದ್ದರೆ ನೀರು ಇಳಿಯುವುದಕ್ಕೆ ಸಂಜೆಯಾಗುತ್ತದೆ. ಒಂದಕ್ಕೆ ಗಾಯಕ್ಕೆ ಹಚ್ಚುವ ನೇರಳೆ ಔಷಧಿ ಜೆನ್ಷಿಯನ್ ವಯೊಲೆಟ್ ಕೆಲವು ಹನಿ ಬೆರೆಸಿದ ನೀರು ಹಾಕಿ. ಇನ್ನೊಂದಕ್ಕೆ ಕಾಲೇಜು ಲ್ಯಾಬುಗಳಲ್ಲಿ ಸಿಗುವ ಇಯೋಸಿನ್ ಅನ್ನೋ ಕೆಂಪು ಬಣ್ಣದ ನೀರು ಹಾಕಿ. ನೇರಳೆ ನೀರು ಹಾಕಿದ ಬಾಟಲಿಯಿಂದ ಕೆಳಗೆ ಬರುವ ನೀರಿನಲ್ಲಿ ಬಣ್ಣವೇ ಇರುವುದಿಲ್ಲ. ಇನ್ನೊಂದರಲ್ಲಿ ಕೆಂಪು ಹಾಗೇ ಇಳಿದು ಬರುತ್ತದೆ. ಒಮ್ಮೆ ಒಬ್ಬ ಹುಡುಗ ಬಾಟಲಿಯ ಮಣ್ಣನ್ನೆಲ್ಲ ಸುರಿದು ಕೆದಕಿ ನೋಡಿದ, ನೇರಳೆ ಎಲ್ಲಿ ಅಡಗಿದೆ ಅಂತ. ಮೇಲಿನ ಒಂದು ಬೆರಳು ದಪ್ಪದ ಮಣ್ಣಲ್ಲೇ ಅಂಟಿಕೊಂಡಿತ್ತು.

ಕಾರಣ ಸುಲಭ. ಜೇಡಿಯ ಕಣಕ್ಕೂ ಕೊಳೆತ ಸೊಪ್ಪಿನ ಕಪ್ಪು ಹುಡಿಗೂ ಋಣ ವಿದ್ಯುತ್ ಗುಣ ಇರುತ್ತದೆ. ಧನ ಗುಣದ ಕಣ ಬಂದರೆ ಅಂಟಿಸಿಕೊಳ್ಳುತ್ತದೆ. ನೇರಳೆ ಬಣ್ಣದ್ದು ಧನ ಗುಣ, ಕೆಂಪಿನದು ಋಣ ಗುಣ. ಗೊಬ್ಬರದಲ್ಲೂ ಹೀಗೇ. ಅಮೋನಿಯಂ, ಪೊಟ್ಯಾಷಿಯಂ, ಸುಣ್ಣದಂಶ (ಕ್ಯಾಲ್ಸಿಯಂ), ಮೆಗ್ನೀಷಿಯಂ ಎಲ್ಲ ಧನ ಗುಣದವು, ಮಣ್ಣು ಒಂದಿಷ್ಟು ಹಿಡಿದಿಡುತ್ತದೆ. ಸಾರಜನಕದ ಒಂದು ರೂಪವಾದ ನೈಟ್ರೇಟು ಋಣ ಗುಣದ್ದು. ಅದನ್ನು ಹಿಡಿಯುವವರು ಇಲ್ಲ, ನೀರಿನ ಜೊತೆಗೇ ಹೊರಟುಬಿಡುತ್ತದೆ.

ಇದನ್ನು ಮೊದಲು ಗಮನಿಸಿದವರಲ್ಲಿ ಒಬ್ಬರು ಇಂಗ್ಲೆಂಡಿನ ಯಾರ್ಕ್‌ಷೈರಿನ ಜಮೀನ್ದಾರ ಎಚ್.ಎಸ್. ಥಾಂಪ್ಸನ್. ಮಣ್ಣು ತುಂಬಿದ ಕೊಳವೆಗೆ ಅಮೋನಿಯಂ ಸಲ್ಫೇಟ್ ಕರಗಿಸಿದ ನೀರು ಸುರಿದರು. ಕೆಳಗೆ ಬಂದ ನೀರಿನಲ್ಲಿ ಇದ್ದದ್ದು ಜಿಪ್ಸಂ, ಅಂದರೆ ಸುಣ್ಣದಂಶದ ಸಲ್ಫೇಟ್! ಮಣ್ಣು ಅಮೋನಿಯಂ ಇಟ್ಟುಕೊಂಡು, ಬದಲಿಗೆ ತನ್ನಲ್ಲಿದ್ದ ಸುಣ್ಣದಂಶ ಬಿಟ್ಟುಕೊಟ್ಟಿತ್ತು. 1850ರಲ್ಲಿ ಅದು ಪ್ರಕಟವಾಯಿತು. ಜೆ. ಥಾಮಸ್ ವೇ ಅನ್ನೋ ರಸಾಯನ ವಿಜ್ಞಾನಿ ಅದನ್ನೇ ಹಿಡಿದು ಇನ್ನಷ್ಟು ಪರೀಕ್ಷೆ ಮಾಡಿದರು. ಜಮೀನು ನೋಡಿಕೊಳ್ಳುವವರೊಬ್ಬರ ಕುತೂಹಲದಿಂದ ಇಷ್ಟು ದೊಡ್ಡ ವಿಷಯ ತಿಳಿಯಿತು ಅನ್ನೋದನ್ನೂ ನಿಮ್ಮ ಮಕ್ಕಳಿಗೆ ದಯವಿಟ್ಟು ಹೇಳಿ.

ಪ್ರಶ್ನೆ: ಮೂರು ವರ್ಷದಿಂದ ಜೂನ್ ಮೊದಲ ವಾರ ಅಡಿಕೆಗೆ ಯೂರಿಯಾ, ಪೊಟ್ಯಾಷ್ ಹಾಕುತ್ತಿದ್ದೇನೆ. ಆಗಸ್ಟ್ ಹೊತ್ತಿಗೆ ಕೆಳಗಿನ ಸೋಗೆ ಹಳದಿಯಾಗುತ್ತಿದೆ. ಗೊಬ್ಬರದ ಅಂಗಡಿಯವರು ಒಂದು ಮುಷ್ಟಿ ಜಾಸ್ತಿ ಹಾಕಿ ಅಂದರು. ಹಾಕಿದರೂ ವ್ಯತ್ಯಾಸ ಇಲ್ಲ. ಮಣ್ಣು ಪರೀಕ್ಷೆಯಲ್ಲಿ ಪಿಎಚ್ 4.9 ಬಂದಿದೆ. ಏನು ಮಾಡಲಿ? — ಬೆಳೆಗಾರರು, ಹೊಸನಗರ ತಾಲೂಕು

ಮೊದಲಿಗೆ, ಜೂನಲ್ಲಿ ಯೂರಿಯಾ ಹಾಕುವುದನ್ನು ನಿಲ್ಲಿಸಿ. ಜಾಸ್ತಿ ಹಾಕುವುದಂತೂ ಬೇಡವೇ ಬೇಡ.

ಒಂದು ಲೆಕ್ಕ ಹೇಳುತ್ತೇನೆ, ಪೆನ್ಸಿಲ್ ಹಿಡಿದು ನೀವೇ ನೋಡಿ. ಅಡಿಕೆ ಮರದ ಅಂತರ 2.7 ಮೀಟರ್ ಅಂದುಕೊಳ್ಳೋಣ. ಒಂದು ಮರದ ಪಾಲಿಗೆ ಸುಮಾರು 7.3 ಚದರ ಮೀಟರ್ ನೆಲ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. ನಮ್ಮಲ್ಲಿ ಜುಲೈ ತಿಂಗಳಲ್ಲಿ ಒಂದೇ ದಿನ 100 ಮಿಲಿಮೀಟರ್ ಮಳೆ ಬರುವುದು ಹೊಸದಲ್ಲ. ಅವತ್ತು ಒಂದು ಮರದ ಬುಡದ ಸುತ್ತ ಬಿದ್ದ ನೀರು 730 ಲೀಟರ್. ವರ್ಷಕ್ಕೆ ಒಂದು ಮರಕ್ಕೆ ಹೇಳಿರುವ ಸಾರಜನಕ 100 ಗ್ರಾಂ. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46 ಪಾಲು ಇರುವುದರಿಂದ ಅದು 217 ಗ್ರಾಂ ಯೂರಿಯಾ. ಎರಡು ಮುಷ್ಟಿಗಿಂತ ಸ್ವಲ್ಪ ಜಾಸ್ತಿ. ಅದರಲ್ಲಿ ಅರ್ಧ ನೀವು ಜೂನಲ್ಲಿ ಹಾಕಿದಿರಿ ಅಂದರೆ, ಒಂದು ಮುಷ್ಟಿ ಯೂರಿಯಾಕ್ಕೆ ಒಂದೇ ದಿನ ಏಳು ನೂರು ಲೀಟರ್ ನೀರು. ಹಾಗೆ ನಾಲ್ಕು ತಿಂಗಳು ಸುರಿದರೆ ಅದರಲ್ಲಿ ಎಷ್ಟು ಉಳಿದೀತು? ಅಡಿಕೆಯ ಬೇರು ಬಹುಪಾಲು ಮೇಲಿನ ಎರಡು ಅಡಿಯಲ್ಲೇ ಇರುವುದು. ಅಲ್ಲಿಂದ ಕೆಳಗೆ ಇಳಿದದ್ದು ಮರದ ಪಾಲಿಗೆ ಹೋದ ಹಾಗೆಯೇ.

ಇದನ್ನು ನಾನು ನಮ್ಮ ತೋಟದಲ್ಲೇ ನೋಡಿದ್ದೇನೆ. ನಮ್ಮ ಮಾವ ಇದ್ದ ಕಾಲ. ಜೂನ್ ಶುರುವಿಗೆ ಒಂದು ಒಳ್ಳೆ ಮಳೆ ಬಂದು ಬಿಸಿಲು ಬಿದ್ದಿತ್ತು. ‘ನೆಲ ಹದ ಆಗಿದೆ’ ಅಂತ ಮಾವ ಯೂರಿಯಾ ಹಾಕಿಸಿದರು. ಹನ್ನೆರಡು ದಿನ ಕಳೆದು ಮಳೆ ಹಿಡಿಯಿತು. ಮೂರು ದಿನ ಬಿಡಲಿಲ್ಲ. ನಾನು ರಜೆಯಲ್ಲಿ ಮನೆಯಲ್ಲೇ ಇದ್ದೆ. ಕಂಬಳಿ ಕೊಪ್ಪೆ ಹಾಕಿಕೊಂಡು ತೋಟಕ್ಕೆ ಇಳಿದು, ಎರಡು ಸಾಲಿನ ನಡುವಿನ ಕಪ್ಪಿನಲ್ಲಿ, ಅಂದರೆ ಬಸಿಗಾಲುವೆಯಲ್ಲಿ, ಹರಿಯುತ್ತಿದ್ದ ನೀರನ್ನು ಎರಡು ಬಾಟಲಿ ತುಂಬಿಕೊಂಡೆ. ನೋಡಲು ಬಾವಿ ನೀರಿನ ಹಾಗೇ ಇತ್ತು, ತಿಳಿ. ಲ್ಯಾಬಿಗೆ ತೆಗೆದುಕೊಂಡು ಹೋಗಿ ನೈಟ್ರೇಟ್ ಪರೀಕ್ಷೆ ಮಾಡಿದೆ. ಆ ಪರೀಕ್ಷೆಯಲ್ಲಿ ನೈಟ್ರೇಟ್ ಇದ್ದರೆ ಹಳದಿ ಬಣ್ಣ ಬರುತ್ತದೆ, ಎಷ್ಟು ಜಾಸ್ತಿಯೋ ಅಷ್ಟು ಗಾಢ. ನಮ್ಮ ಬಾವಿ ನೀರು ಬಣ್ಣವೇ ತಿರುಗಲಿಲ್ಲ. ಕಪ್ಪಿನ ನೀರು ಅರಿಸಿನದ ನೀರಿನ ಹಾಗೆ ಆಯಿತು. ಆ ಗಾಜಿನ ನಳಿಕೆಯನ್ನು ಬಿರಡೆ ಹಾಕಿ ಮನೆಗೆ ತಂದು ಮಾವನ ಮುಂದೆ ಇಟ್ಟೆ. ಅವರು ದೀಪದ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ‘ಇಷ್ಟೂ ನಮ್ಮದೇನಾ?’ ಅಂತ ಒಂದೇ ಮಾತು ಕೇಳಿದರು. ಮಾರನೇ ವರ್ಷದಿಂದ ಜೂನಲ್ಲಿ ಯೂರಿಯಾ ನಮ್ಮ ತೋಟಕ್ಕೆ ಇಳಿದಿಲ್ಲ.

ಯೂರಿಯಾಕ್ಕೆ ಯಾಕೆ ಹೀಗಾಗುತ್ತದೆ ಅಂದರೆ, ಯೂರಿಯಾಕ್ಕೇ ಧನವೂ ಇಲ್ಲ ಋಣವೂ ಇಲ್ಲ. ನೆಲಕ್ಕೆ ಬಿದ್ದ ಕೂಡಲೇ ಜೋರು ಮಳೆ ಬಂದರೆ ಹಾಗೇ ಕರಗಿ ಹೋಗುತ್ತದೆ. ನಾಲ್ಕಾರು ದಿನ ಸಿಕ್ಕಿದರೆ ಅಮೋನಿಯಂ ಆಗುತ್ತದೆ, ಆಗ ಮಣ್ಣು ಹಿಡಿಯುತ್ತದೆ. ಆದರೆ ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಮಾಡುತ್ತವೆ, ಮತ್ತೆ ಹಿಡಿತ ತಪ್ಪುತ್ತದೆ. 2015ರಿಂದ ನಮ್ಮ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನ ಲೇಪ ಕಡ್ಡಾಯ ಆಗಿದೆ. ಬೇವು ಈ ಬ್ಯಾಕ್ಟೀರಿಯಾಗಳ ಕೆಲಸವನ್ನು ಸ್ವಲ್ಪ ನಿಧಾನ ಮಾಡುತ್ತದೆ. ನಿಧಾನ ಮಾತ್ರ. ಮಲೆನಾಡಿನ ಜುಲೈ ಮಳೆ ತಡೆಯುವ ಶಕ್ತಿ ಅದಕ್ಕಿಲ್ಲ.

ಇನ್ನು ನಿಮ್ಮ ಪಿಎಚ್ 4.9ರ ವಿಷಯ. ಇದೂ ಅದೇ ಕಥೆಯ ಮುಂದಿನ ಭಾಗ. ನೈಟ್ರೇಟ್ ಒಂಟಿಯಾಗಿ ಹೋಗುವುದಿಲ್ಲ. ಸುಣ್ಣದಂಶವನ್ನೋ ಮೆಗ್ನೀಷಿಯಂ ಅನ್ನೋ ಕೈ ಹಿಡಿದು ಕರೆದುಕೊಂಡು ಹೋಗುತ್ತದೆ. ಅವು ಬಿಟ್ಟುಹೋದ ಜಾಗಕ್ಕೆ ಆಮ್ಲದ ಹೈಡ್ರೋಜನ್ ಬಂದು ಕೂರುತ್ತದೆ. ಅಮೋನಿಯಂ ನೈಟ್ರೇಟ್ ಆಗುವಾಗಲೂ ಆಮ್ಲ ಹುಟ್ಟುತ್ತದೆ. ಹಾಗಾಗಿ ನೀವು ಒಂದು ಮುಷ್ಟಿ ಜಾಸ್ತಿ ಹಾಕಿದಷ್ಟೂ ಮಣ್ಣು ಇನ್ನಷ್ಟು ಹುಳಿಯಾಯಿತು, ಸುಣ್ಣ ಇನ್ನಷ್ಟು ಬಸಿಯಿತು. ಪಿಎಚ್ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಅಂತ ಲೆಕ್ಕ. ಐದಕ್ಕಿಂತ ಕೆಳಗೆ ಹೋದರೆ ಮಣ್ಣಿನ ಅಲ್ಯೂಮಿನಿಯಂ ಕರಗಿ ಮೇಲೇಳುತ್ತದೆ, ಅದು ಬೇರಿನ ತುದಿಗೆ ವಿಷ. ರಂಜಕ ಬಸಿದು ಹೋಗದಿದ್ದರೂ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಕಟ್ಟಿ ಹಾಕುತ್ತವೆ. ಮಣ್ಣಿನಲ್ಲಿ ಇದ್ದರೂ ಮರಕ್ಕೆ ಇಲ್ಲ.

ಮಾಡಬೇಕಾದ್ದು ಇಷ್ಟು. ಈ ವರ್ಷ ಮುಂಗಾರಿಗೆ ಮೊದಲು ಸುಣ್ಣ ಹಾಕಿ. ಎಷ್ಟು ಅನ್ನೋದು ನಿಮ್ಮ ಮಣ್ಣು ಪರೀಕ್ಷೆಯ ವರದಿಯಲ್ಲೇ ಇರುತ್ತದೆ, ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಸಾಮಾನ್ಯವಾಗಿ ಮರಕ್ಕೆ ಅರ್ಧ ಕಿಲೋ, ಎರಡು ಮೂರು ವರ್ಷಕ್ಕೊಮ್ಮೆ ಹಾಕುತ್ತೇವೆ. ಡಾಲೊಮೈಟ್ ಸಿಕ್ಕಿದರೆ ಅದೇ ಒಳ್ಳೆಯದು, ಮೆಗ್ನೀಷಿಯಂ ಕೂಡ ಸಿಗುತ್ತದೆ. ಸುಣ್ಣಕ್ಕೂ ಗೊಬ್ಬರಕ್ಕೂ ಎರಡು ಮೂರು ವಾರ ಅಂತರ ಇರಲಿ. ಮಳೆ ಇಳಿಮುಖ ಆದ ಮೇಲೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಗೊಬ್ಬರದ ಒಂದು ಕಂತು, ನೀರು ಹಾಯಿಸುವ ತೋಟವಾದರೆ ಫೆಬ್ರವರಿಯಲ್ಲಿ ಇನ್ನೊಂದು. ಬುಡದ ಸುತ್ತ ಎರಡೂವರೆ ಅಡಿ ದೂರದ ಒಳಗೆ ಹರಡಿ, ತೆಳ್ಳಗೆ ಮಣ್ಣು ಕೆದಕಿ ಸೇರಿಸಿ, ಮೇಲೆ ಸೊಪ್ಪು ಮುಚ್ಚಿ. ಪೊಟ್ಯಾಷಿಗೂ ಇದೇ ಮಾತು. ನಮ್ಮ ಕೆಂಪು ಮಣ್ಣಿಗೆ ಅದನ್ನು ಹಿಡಿದಿಡುವ ಶಕ್ತಿ ಕಡಿಮೆ, ಒಂದೇ ಸಲ ಸುರಿಯಬೇಡಿ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಹಳದಿ ಎಲ್ಲವೂ ಗೊಬ್ಬರದ ಕೊರತೆಯಲ್ಲ. ಶೃಂಗೇರಿ, ಕೊಪ್ಪ, ಸುಳ್ಯದ ಕಡೆ ತೋಟಗಳನ್ನೇ ತಿಂದು ಹಾಕಿದ ಹಳದಿ ಎಲೆ ರೋಗಕ್ಕೆ ಕಾರಣ ಫೈಟೋಪ್ಲಾಸ್ಮಾ ಅನ್ನೋ ಸೂಕ್ಷ್ಮಜೀವಿ. ಅದು ಸುಣ್ಣಕ್ಕೂ ಯೂರಿಯಾಕ್ಕೂ ಬಗ್ಗುವುದಿಲ್ಲ. ಹೊಂಬಾಳೆ ಒಣಗುವುದು, ಎಳೆಯ ಕಾಯಿ ಉದುರುವುದು, ಕಾಯಿ ಒಡೆದರೆ ತಿರುಳು ಕಪ್ಪಾಗಿರುವುದು ಇದ್ದರೆ ತೋಟಗಾರಿಕೆಯವರನ್ನು ಕರೆಸಿ ತೋರಿಸಿ. ಪತ್ರದಲ್ಲಿ ನೋಡಿ ಹೇಳುವ ವಿಷಯ ಅಲ್ಲ ಅದು.

ಪ್ರಶ್ನೆ: ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿದ್ದೇನೆ. ಅಪ್ಪ ಪ್ರತಿ ವರ್ಷ ಬೆಟ್ಟದಿಂದ ಸೊಪ್ಪು, ದರಕು (ಉದುರಿದ ಒಣ ಎಲೆ) ತರಿಸುತ್ತಾರೆ, ನಾಲ್ಕೈದು ವರ್ಷಕ್ಕೊಮ್ಮೆ ಹೊಸಮಣ್ಣು ಹಾಕಿಸುತ್ತಾರೆ. ಕೂಲಿಗೇ ತುಂಬ ಖರ್ಚು. ಅಷ್ಟೇ ಪೋಷಕಾಂಶ ಚೀಲದಲ್ಲಿ ಸಿಗುವಾಗ ಇದೆಲ್ಲ ಬೇಕಾ? — ಯುವ ಓದುಗರು, ಸಿದ್ದಾಪುರ, ಉತ್ತರ ಕನ್ನಡ

ಬೇಕು. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯನ್ನು ಈಗ ಬಹಳ ಮನೆಗಳಲ್ಲಿ ಕೇಳುತ್ತಿದ್ದಾರೆ. ಅಪ್ಪನಿಗೆ ಉತ್ತರ ಗೊತ್ತು, ಮಾತಿನಲ್ಲಿ ಹೇಳಲು ಬರುವುದಿಲ್ಲ ಅಷ್ಟೇ.

ನಿಮ್ಮ ಮನೆ ಅಡಿಪಾಯಕ್ಕೆ ಹಾಕಿರುವ ಜಂಬಿಟ್ಟಿಗೆ ಕಲ್ಲನ್ನು ಒಮ್ಮೆ ಹತ್ತಿರದಿಂದ ನೋಡಿ. ಜೇನುಗೂಡಿನ ಹಾಗೆ ತೂತು ತೂತು. ಆ ತೂತಿನ ಜಾಗದಲ್ಲಿ ಇದ್ದದ್ದೆಲ್ಲ ಎಲ್ಲಿ ಹೋಯಿತು? ಬಸಿದು ಹೋಯಿತು. ಲಕ್ಷಾಂತರ ವರ್ಷ ಮಳೆ ಸುರಿದು ಕಲ್ಲಿನ ಸುಣ್ಣ, ಪೊಟ್ಯಾಷ್, ಮೆಗ್ನೀಷಿಯಂ, ಕೊನೆಗೆ ಸಿಲಿಕಾ ಕೂಡ ತೊಳೆದುಕೊಂಡು ಹೋಯಿತು. ಕರಗದೆ ಉಳಿದದ್ದು ಕಬ್ಬಿಣ, ಅಲ್ಯೂಮಿನಿಯಂ. ಅದಕ್ಕೇ ಆ ಬಣ್ಣ. ಫ್ರಾನ್ಸಿಸ್ ಬುಕಾನನ್ ನಮ್ಮ ಕಡೆಯೆಲ್ಲ ಓಡಾಡಿ 1807ರಲ್ಲಿ ಪ್ರಕಟಿಸಿದ ಬರಹದಲ್ಲಿ, ಕೇರಳದ ಅಂಗಡಿಪುರಂನಲ್ಲಿ ಕಂಡ ಈ ಕಲ್ಲಿಗೆ ‘ಲ್ಯಾಟರೈಟ್’ ಅಂತ ಹೆಸರಿಟ್ಟರು. ಲ್ಯಾಟಿನ್ನಿನಲ್ಲಿ ‘ಲೇಟರ್’ ಅಂದರೆ ಇಟ್ಟಿಗೆ. ಇಲ್ಲಿನ ಜನ ಇದನ್ನು ‘ಇಟ್ಟಿಗೆ ಕಲ್ಲು’ ಅನ್ನುತ್ತಾರೆ ಅಂತ ಅವರೇ ಬರೆದುಕೊಂಡಿದ್ದಾರೆ. ನಮ್ಮ ‘ಜಂಬಿಟ್ಟಿಗೆ’ಯಲ್ಲೂ ಇಟ್ಟಿಗೆ ಕೂತಿದೆ ನೋಡಿ.

ಹಾಗಾಗಿ ಮಲೆನಾಡಿನ ತೋಟ ಅಂದರೆ ಈಗಾಗಲೇ ಬಸಿದು ಮುಗಿದ ನೆಲದ ಮೇಲೆ ನಿಂತಿರುವ ತೋಟ. ಹಸಿರು ನೋಡಿ ಫಲವತ್ತು ಅಂದುಕೊಳ್ಳುತ್ತೇವೆ. ಆ ಫಲವತ್ತು ಇರುವುದು ಮೇಲಿನ ಒಂದು ಗೇಣು ಕಪ್ಪು ಮಣ್ಣಿನಲ್ಲಿ. ಆ ಒಂದು ಗೇಣನ್ನು ಮಾಡಿದ್ದು ಸೊಪ್ಪು. ಕೆಂಪು ಮಣ್ಣಿನ ಜೇಡಿ ಪೋಷಕಾಂಶ ಹಿಡಿದಿಡುವ ಶಕ್ತಿಗೆ ಹೋಲಿಸಿದರೆ, ಕೊಳೆತ ಸೊಪ್ಪಿನ ಹುಡಿಯ ಶಕ್ತಿ ಹತ್ತು ಪಟ್ಟಿಗೂ ಜಾಸ್ತಿ. ಚೀಲದ ಗೊಬ್ಬರ ಹಾಕುವುದಕ್ಕೂ ಅದನ್ನು ಹಿಡಿದಿಡುವ ಕೈ ಬೇಕು. ಸೊಪ್ಪು ನಿಲ್ಲಿಸಿದರೆ ಆ ಕೈ ಹೋಗುತ್ತದೆ. ಮೊದಲ ಎರಡು ವರ್ಷ ಏನೂ ಗೊತ್ತಾಗುವುದಿಲ್ಲ. ಆಮೇಲೆ ಚೀಲದ ಲೆಕ್ಕ ಏರುತ್ತಾ ಹೋಗುತ್ತದೆ.

ಇನ್ನೊಂದು ಸೂಕ್ಷ್ಮ ಇದೆ, ಇದು ನನಗೆ ಬಹಳ ಇಷ್ಟವಾದ ವಿಷಯ. ಬೆಟ್ಟದ ಮತ್ತಿ, ಹೊನ್ನೆ, ನಂದಿ ಮರಗಳ ಬೇರು ಬಹಳ ಆಳಕ್ಕೆ ಇಳಿಯುತ್ತವೆ. ಅಡಿಕೆ ಬೇರಿಗೆ ಸಿಗದೆ ಕೆಳಗೆ ಇಳಿದು ಹೋದಂಥ ಸುಣ್ಣ, ಪೊಟ್ಯಾಷನ್ನು ಅವು ಮೇಲಕ್ಕೆ ಎಳೆದು ಎಲೆಗೆ ತರುತ್ತವೆ. ಆ ಎಲೆ ಕೊಟ್ಟಿಗೆಗೆ ಬರುತ್ತದೆ, ದನದ ಕಾಲಡಿ ಹಾಸಾಗುತ್ತದೆ, ಗಂಜಲ ಹೀರುತ್ತದೆ, ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತದೆ. ಮಳೆ ಕೆಳಗೆ ಇಳಿಸಿದ್ದನ್ನು ಮರ ಮೇಲೆ ತರುತ್ತದೆ. ನಮ್ಮ ಹಿರಿಯರು ಸೊಪ್ಪಿನಬೆಟ್ಟ ಇಲ್ಲದೆ ತೋಟ ಇಲ್ಲ ಅಂತ ಹಠ ಹಿಡಿದದ್ದು ಸುಮ್ನೆ ಅಲ್ಲ. ಹಾಗಂತ ಬೆಟ್ಟವನ್ನು ಬೋಳು ಮಾಡಬೇಡಿ. ಎಲ್ಲ ಕೊಂಬೆ ಸವರಿ, ನೆಲದ ದರಕನ್ನೂ ಪೂರ್ತಿ ಗುಡಿಸಿ ತಂದರೆ ಬೆಟ್ಟ ಬಸಿದು ಹೋಗುತ್ತದೆ, ಜಂಬಿಟ್ಟಿಗೆ ಮೇಲೇಳುತ್ತದೆ. ಸರದಿಯ ಮೇಲೆ ಒಂದೊಂದು ಭಾಗಕ್ಕೆ ಬಿಡುವು ಕೊಡಿ.

ಹೊಸಮಣ್ಣಿನ ಖರ್ಚನ್ನು ಬೇಕಾದರೆ ಕಡಿಮೆ ಮಾಡಬಹುದು. ಬುಡದ ಬೇರು ಕಾಣುವ ಮರಗಳಿಗೆ ಮಾತ್ರ ಹಾಕಿಸಿ. ಸೊಪ್ಪಿನಲ್ಲಿ ಮಾತ್ರ ಕೈ ಬಿಗಿ ಮಾಡಬೇಡಿ.

ಪ್ರಶ್ನೆ: ನಮ್ಮದು ಕಾಲುವೆ ನೀರಿನ ಭತ್ತದ ಗದ್ದೆ, ಸವಳು ಬಿದ್ದಿದೆ. ನೀರು ನಿಲ್ಲಿಸಿ ಲೀಚಿಂಗ್ ಮಾಡಿ ಅಂತ ಒಬ್ಬರು ಹೇಳಿದರು. ಎರಡು ವರ್ಷ ನೀರು ನಿಲ್ಲಿಸಿದೆ, ಸವಳು ಇನ್ನೂ ಜಾಸ್ತಿ ಆಗಿದೆ. — ರೈತರು, ಸಿಂಧನೂರು ತಾಲೂಕು

ನಿಮ್ಮ ಪತ್ರ ಓದಿ ಬೇಜಾರಾಯಿತು. ಹೇಳಿದವರು ಅರ್ಧ ಮಾತ್ರ ಹೇಳಿದ್ದಾರೆ.

ನಮ್ಮ ಕಡೆ ಬಸಿದು ಹೋಗುವುದೇ ಕಷ್ಟ, ನಿಮ್ಮ ಕಡೆ ಬಸಿಯದೆ ಇರುವುದೇ ಕಷ್ಟ. ಒಂದೇ ರಾಜ್ಯ, ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ, ವಿಜಯಪುರದಲ್ಲಿ 600ರ ಆಸುಪಾಸು. ಅಷ್ಟು ಕಡಿಮೆ ಮಳೆಗೆ ಮಣ್ಣಿನ ಉಪ್ಪು ಇಳಿದು ಹೋಗುವುದಿಲ್ಲ. ಎರೆ ಹೊಲ ಅಗೆದರೆ ಬಿಳಿ ಸುಣ್ಣದ ಹರಳು ಸಿಗುತ್ತದಲ್ಲ, ಅದು ಬಸಿಯದೆ ಉಳಿದ ಸುಣ್ಣ. ಕಾಲುವೆ ಬಂದ ಮೇಲೆ ನೀರು ಮೇಲಿಂದ ಇಳಿಯಿತು, ಆದರೆ ಹೊರಗೆ ಹೋಗಲು ದಾರಿ ಇಲ್ಲ. ಅಂತರ್ಜಲ ಮೇಲೆ ಬಂತು. ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಮಣ್ಣು ಕೆಳಗಿನ ಉಪ್ಪು ನೀರನ್ನು ಮೇಲಕ್ಕೆ ಎಳೆಯಿತು. ಬಿಸಿಲಿಗೆ ನೀರು ಆರಿ, ಉಪ್ಪು ಬೆಳ್ಳಗೆ ಕೂತಿತು.

ಹೀಗಿರುವಾಗ ಬಸಿಗಾಲುವೆ ಇಲ್ಲದೆ ನೀರು ನಿಲ್ಲಿಸಿದರೆ ಅಂತರ್ಜಲ ಇನ್ನಷ್ಟು ಏರುತ್ತದೆ ಅಷ್ಟೇ. ತಳಕ್ಕೆ ತೂತಿಲ್ಲದ ಪಾತ್ರೆಯಲ್ಲಿ ಬಸಿಯುವುದು ಹೇಗೆ? ಮೊದಲು ಬಸಿ ದಾರಿ ಆಗಬೇಕು. ಹೊಲದ ತಗ್ಗಿನ ಅಂಚಿನಲ್ಲಿ ಆಳವಾದ ಕಾಲುವೆ, ಇಲ್ಲವೇ ನೆಲದೊಳಗೆ ತೂತು ಪೈಪು. ಆ ನೀರು ಹಳ್ಳ ಸೇರುವ ತನಕ ದಾರಿ ಇರಬೇಕು. ಒಬ್ಬರೇ ಮಾಡಿದರೆ ನಿಮ್ಮ ಉಪ್ಪು ಪಕ್ಕದವರ ಗದ್ದೆಗೆ ಹೋಗುತ್ತದೆ, ಅಕ್ಕಪಕ್ಕದ ಐದಾರು ಜನ ಸೇರಿ ಮಾಡಿ. ಆಮೇಲೆ ಒಳ್ಳೆಯ ಕಾಲುವೆ ನೀರು ನಿಲ್ಲಿಸಿ, ಬಸಿದು ಬಿಡಿ, ಮತ್ತೆ ನಿಲ್ಲಿಸಿ.

ಅದಕ್ಕೂ ಮುಂಚೆ ಮಣ್ಣು ಪರೀಕ್ಷೆ ಮಾಡಿಸಲೇಬೇಕು. ಇ.ಸಿ., ಅಂದರೆ ಮಣ್ಣಿನಲ್ಲಿ ಕರಗಿದ ಉಪ್ಪು ಎಷ್ಟು ಅಂತ ತೋರಿಸುವ ಅಂಕಿ, 4ಕ್ಕಿಂತ ಜಾಸ್ತಿ ಇದ್ದು ಪಿಎಚ್ 8.5ರ ಒಳಗಿದ್ದರೆ ಬರೀ ಉಪ್ಪು, ನೀರಿನಿಂದಲೇ ಹೋಗುತ್ತದೆ. ಪಿಎಚ್ 8.5 ದಾಟಿ ಸೋಡಿಯಂ ಜಾಸ್ತಿ ಇದ್ದರೆ ಮೊದಲು ಜಿಪ್ಸಂ ಹಾಕಬೇಕು. ಇಂಗ್ಲೆಂಡಿನ ಥಾಂಪ್ಸನ್ ಕೊಳವೆಯಲ್ಲಿ ಕಂಡ ಅದಲು ಬದಲೇ ಇಲ್ಲೂ: ಜಿಪ್ಸಂನ ಸುಣ್ಣದಂಶ ಮಣ್ಣಿಗೆ ಅಂಟಿ ಸೋಡಿಯಂ ಅನ್ನು ಬಿಡಿಸುತ್ತದೆ, ಆಗ ನೀರು ಅದನ್ನು ಒಯ್ಯುತ್ತದೆ. ಜಿಪ್ಸಂ ಇಲ್ಲದೆ ನೀರು ಹಾಯಿಸಿದರೆ ಅಂಥ ಮಣ್ಣು ಮೆತ್ತಿಕೊಂಡು ಗಟ್ಟಿಯಾಗಿ, ನೀರೇ ಇಳಿಯುವುದಿಲ್ಲ. ಹಸಿರೆಲೆ ಗೊಬ್ಬರದ ಗಿಡ ಡಯಾಂಚ ಬಿತ್ತಿ ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಇದೇ ಸವಳು, ಜವಳಿನ (ನೀರು ನಿಂತು ಕೆಟ್ಟ ನೆಲದ) ಮೇಲೆ ಕೆಲಸ ಮಾಡಿದವರು. ಒಂದು ದಿನ ಮಾಡಿಕೊಂಡು ಹೋಗಿ ಬನ್ನಿ.

ಪ್ರಶ್ನೆ: ತಾರಸಿ ತೋಟದ ಕುಂಡಗಳಿಗೆ ದಿನಾ ಎರಡು ಹೊತ್ತು ನೀರು ಹಾಕುತ್ತೇನೆ. ಗಿಡ ಬಿಳಿಚಿಕೊಂಡಿದೆ. — ಗೃಹಿಣಿ, ಬೆಂಗಳೂರು

ಕುಂಡದ ತಳದಿಂದ ಕಂದು ನೀರು ಹರಿಯುತ್ತಿದೆಯಾ ನೋಡಿ. ಅದೇ ನಿಮ್ಮ ಗೊಬ್ಬರ. ನೀರು ತಳದಲ್ಲಿ ಒಂದೆರಡು ಹನಿ ಬರುವಷ್ಟಕ್ಕೆ ನಿಲ್ಲಿಸಿ. ಕೆಳಗೆ ತಟ್ಟೆ ಇಟ್ಟು, ಬಿದ್ದ ನೀರನ್ನು ಮಾರನೇ ದಿನ ಅದೇ ಕುಂಡಕ್ಕೆ ಹಾಕಿ. ತಿಂಗಳಿಗೊಮ್ಮೆ ಹಿಡಿ ತುಂಬ ಗೊಬ್ಬರ ಹಾಕುವ ಬದಲು ವಾರಕ್ಕೊಮ್ಮೆ ಚಿಟಿಕೆಯಷ್ಟು ಹಾಕಿ. ಹೊಸ ಕೋಕೋಪೀಟ್ (ತೆಂಗಿನ ನಾರಿನ ಹುಡಿ) ತಂದಾಗ ಮಾತ್ರ ಉಲ್ಟಾ: ಅದರಲ್ಲಿ ಉಪ್ಪು ಇರಬಹುದು, ಎರಡು ಮೂರು ಸಲ ನೀರಲ್ಲಿ ನೆನೆಸಿ ಹಿಂಡಿ, ಬಸಿದು ಬಳಸಿ.

ಪ್ರಶ್ನೆ: ಬಾವಿಯಿಂದ ಇಪ್ಪತ್ತು ಅಡಿ ದೂರದಲ್ಲಿ ಗೊಬ್ಬರದ ಗುಂಡಿ ಇದೆ. ಮನೆಯಲ್ಲಿ ನಾಲ್ಕು ತಿಂಗಳ ಮಗು ಇದೆ. ನೀರು ಕುದಿಸಿ ಕೊಟ್ಟರೆ ಸಾಕಾ? ಮತ್ತೆ, ಒಲೆ ಬೂದಿಯನ್ನು ತೋಟಕ್ಕೆ ಹಾಕಬಹುದಾ? — ಓದುಗರು, ಕುಮಟಾ

ಕುದಿಸಿದರೆ ಕ್ರಿಮಿ ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಕುಡಿಯುವ ನೀರಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಅಂತ ನಮ್ಮ ದೇಶದ ಮಾನದಂಡ. ಆರು ತಿಂಗಳೊಳಗಿನ ಮಕ್ಕಳಿಗೆ ಅದು ಜಾಸ್ತಿಯಾದರೆ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಗ್ಗುತ್ತದೆ, ತುಟಿ, ಉಗುರು ನೀಲಿಯಾಗುತ್ತದೆ. ತಾಯಿ ಹಾಲು ಒಂದೇ ಕುಡಿಸುತ್ತಿದ್ದರೆ ಮಗುವಿಗೆ ನೀರು ಬೇಕಾಗಿಯೇ ಇಲ್ಲ. ಪುಡಿ ಹಾಲು ಕಲಸುತ್ತಿದ್ದರೆ ಇವತ್ತೇ ಬೇರೆ ಕಡೆಯ ನೀರು ತನ್ನಿ, ಬಾವಿ ನೀರನ್ನು ಪರೀಕ್ಷೆಗೆ ಕಳಿಸಿ, ಡಾಕ್ಟರಿಗೂ ವಿಷಯ ತಿಳಿಸಿ.

ಗುಂಡಿಯನ್ನು ಬಾವಿಗಿಂತ ತಗ್ಗಿನ ಕಡೆಗೆ, ಆದಷ್ಟು ದೂರಕ್ಕೆ ಸರಿಸಿ. ಮೇಲೆ ಸೋಗೆಯದೋ ತಗಡಿನದೋ ಮಾಡು ಹಾಕಿ. ನಮ್ಮ ಕರಾವಳಿ, ಮಲೆನಾಡಿನಲ್ಲಿ ವರ್ಷವಿಡೀ ಕಷ್ಟಪಟ್ಟು ಕೂಡಿಟ್ಟ ಗೊಬ್ಬರವನ್ನು ನಾಲ್ಕು ತಿಂಗಳು ಮಳೆಗೆ ತೆರೆದಿಡುತ್ತೇವೆ. ಗುಂಡಿಯಿಂದ ಕಾಫಿ ಡಿಕಾಕ್ಷನ್ನಿನಂಥ ನೀರು ಅಂಗಳ ದಾಟಿ ಹೋಗುತ್ತಿರುತ್ತದೆ. ಕೊನೆಗೆ ತೋಟಕ್ಕೆ ಹೋಗುವುದು ಚರಟ. ಇದು ನನ್ನ ಕಣ್ಣಿಗೆ ಬಿದ್ದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ನಾಲ್ಕು ಅಡಿಕೆ ದಬ್ಬೆ, ಒಂದಿಷ್ಟು ಸೋಗೆ, ಒಂದು ದಿನದ ಕೆಲಸ ಅದು.

ಬೂದಿ ಧಾರಾಳವಾಗಿ ಹಾಕಿ, ನಿಮ್ಮ ಹುಳಿ ಮಣ್ಣಿಗೆ ಬಹಳ ಒಳ್ಳೆಯದು. ಆದರೆ ಬೂದಿಯ ಪೊಟ್ಯಾಷ್ ನೀರಿಗೆ ಬೇಗ ಕರಗುತ್ತದೆ. ಅಜ್ಜಿಯರು ಬೂದಿ ನೀರಿನಲ್ಲಿ ಬಟ್ಟೆ ಒಗೆಯುತ್ತಿದ್ದದ್ದು ಅದರಿಂದಲೇ, ಕೈಗೆ ಜಾರು ಜಾರು ಅನಿಸುತ್ತಿತ್ತಲ್ಲ, ಅದೇ. ಮಳೆಗೆ ನೆನೆದ ಬೂದಿಯಲ್ಲಿ ಅದು ಇರುವುದಿಲ್ಲ. ಬಚ್ಚಲೊಲೆಯ ಬೂದಿಯನ್ನು ಆರಿಸಿ, ಒಣ ಡಬ್ಬಿಯಲ್ಲಿ ತುಂಬಿ, ಮಾಡಿನ ಕೆಳಗೆ ಇಡಿ. ಅಕ್ಟೋಬರಿನಲ್ಲಿ ಮರದ ಬುಡಕ್ಕೆ ತೆಳ್ಳಗೆ ಎರಚಿ. ಯೂರಿಯಾ ಜೊತೆಗೋ ಹಸಿ ಗೊಬ್ಬರದ ಜೊತೆಗೋ ಬೆರೆಸಬೇಡಿ, ಸಾರಜನಕ ಗಾಳಿಗೆ ಹೋಗುತ್ತದೆ. ಬೆರೆಸಿದ ಕೂಡಲೇ ಮೂಗಿಗೆ ಘಾಟು ಹೊಡೆದರೆ ಅದೇ ಗುರುತು.